ಹನ್ನೊಂದು ಸುಣ್ಣದ ಬಳೆಗಳು

ಬೆಳಗಿನ ಪ್ಯಾಸೆಂಜರ್ ಗಾಡಿ ವಾಡಿ ಜಂಕ್ಷನ್ ಬಿಟ್ಟ ಸದ್ದು ಇನ್ನೂ ಕಿವಿಯಲ್ಲಿದೆ. ಅಮೃತಮ್ಮ ಕುಕ್ಕರಗಾಲಲ್ಲಿ ಕೂತು ಒಂದು ಹಿಡಿ ಉಸುಕು ಎತ್ತಿ ಮೂಸಿ ನೋಡುತ್ತಾರೆ. ‘ಎಣ್ಣಿ ಆರ್‍ಯಾದ’ ಎಂದು ತಮಗೆ ತಾವೇ ಹೇಳಿಕೊಂಡು, ಇಂಜಿನ್ನಿನ ಹಳೆ ಎಣ್ಣೆಯ ಡಬ್ಬಿಯಿಂದ ಅಷ್ಟು ಚಿಮುಕಿಸಿ, ಮಾರುದ್ದದ ಕಸಬರಗಿ ಹಿಡಿದು ಹಿಂದಕ್ಕೆ ಹೆಜ್ಜೆ ಹಾಕಲು ಶುರು ಮಾಡುತ್ತಾರೆ. ನಡುವಿನ ಕುಣಿಯಿಂದ ಹೊರಟು, ಸುತ್ತು ಸುತ್ತಾಗಿ, ತಮ್ಮ ಹೆಜ್ಜೆಯನ್ನು ತಾವೇ ಅಳಿಸುತ್ತ ಹೊರಗೆ ಬರುತ್ತಾರೆ. ಕಪ್ಪು ಉಸುಕಿನ ಮೇಲೆ ಗೆರೆಗಳು ನೀರಿನ ಅಲೆಯ ಹಾಗೆ ಉಳಿಯುತ್ತವೆ.

ಇದು ಬಿಳಿ ಸಾಹೇಬರ ಗಾಲ್ಫ್ ಮೈದಾನ. ವಾಡಿಗೂ ಶಹಾಬಾದಿಗೂ ನಡುವಿನ ಈ ಫರ್ಸಿ ಬಂಡೆಯ, ಹಾಸುಗಲ್ಲಿನ ನೆಲದಲ್ಲಿ ಹುಲ್ಲು ನಿಲ್ಲುವುದಿಲ್ಲ. ಅದಕ್ಕೇ ಚೆಂಡು ಬೀಳುವ ಕುಣಿಯ ಸುತ್ತ ಎಣ್ಣೆ ಕಲಸಿದ ಉಸುಕಿನ ಗೋಲಗಳು. ಅಂಥವು ಒಂಬತ್ತು. ಒಂದೊಂದಕ್ಕೆ ನಲವತ್ತು ಸುತ್ತು ಕಸಬರಗಿ. ಜೊತೆಗೆ ಮೈದಾನದ ಎಲ್ಲೆಗೆ ಅರವತ್ತೆರಡು ಕಲ್ಲು. ಪ್ರತಿ ಅಮಾವಾಸ್ಯೆಗೆ ಅವಕ್ಕೆ ಸುಣ್ಣ ಹಚ್ಚುವವರೂ ಅಮೃತಮ್ಮನೇ. ಇಪ್ಪತ್ತೊಂದು ವರ್ಷದಿಂದ ಇದೇ ಕೆಲಸ.

‘ಆಟ ಒಮ್ಮೆರ ನೋಡೀರೇನು?’ ಎಂದು ನಾನು ಕೇಳಿದರೆ ನಗುತ್ತಾರೆ. ‘ನೋಡೂದೇನ್ರಿ ಅಕ್ಕೋರೆ. ಹೊಡಿತಾರ, ಹುಡುಕ್ತಾರ. ಹೊಡಿಯೂದು ಒಂದು ಗಳಿಗಿ, ಹುಡುಕೂದು ಅರ್ಧ ತಾಸು. ನಮ್ಮೂರಾಗ ಕಳದ ಎಮ್ಮಿ ಹುಡುಕೋರಿಗೆ ಇಷ್ಟು ತ್ರಾಸಿಲ್ಲ.’

ಅವರ ತವರು ತೆಂಗಳಿ. ಗಂಡ ಖಂಡೆಪ್ಪ ಇಲ್ಲಿನ ಫರ್ಸಿ ಖಣಿಗೆ ದುಡಿಯಲು ಬಂದು, ಒಂದು ದಿನ ಬಂಡೆ ಜಾರಿ ಅಲ್ಲೇ ಹೋದರು. ಆಗ ಅಮೃತಮ್ಮನಿಗೆ ಇಪ್ಪತ್ತೇಳು, ಕಂಕುಳಲ್ಲಿ ಮಗಳು. ಅದೇ ವರ್ಷ ಮೈದಾನ ಶುರುವಾಯಿತು. ಮೈದಾನದ ಕಾರಕೂನ ಅಂಬರಾಯರು ಅಮೃತಮ್ಮನ ಕೈಗೆ ಕಸಬರಗಿ ಕೊಟ್ಟರು.

ಬಿಮಾ, ಅಂದರೆ ವಿಮೆ, ಎಂಬ ಮಾತನ್ನು ಅವರು ಮೊದಲು ಕೇಳಿದ್ದು ಇಲ್ಲೇ. ಕ್ಲಬ್ಬಿನ ತಗಡಿನ ಚಾವಣಿಗೆ ಬಿಮಾ. ಸಾಹೇಬರ ಬಡಿಗೆಗಳಿಗೆ ಬಿಮಾ. ಚೆಂಡು ಹಾರಿ ರೈಲಿನ ಗಾಜು ಒಡೆದರೆ, ಹೊರಗಿನವರಿಗೆ ಪೆಟ್ಟಾದರೆ, ಅದಕ್ಕೂ ಬಿಮಾ. ‘ಕಟಿಗಿ ಮುರದ್ರ ಮುಂಬೈದಾಗಿಂದ ಕಾಗದ ಬರ್ತದಂತ. ನಮ್ಮವರು ಬಂಡಿಗಲ್ಲಿನ ಬುಡಕ ಹ್ವಾದಾಗ ಹಿಂಗೊಂದು ಇರ್ತದಂತ ಯಾರೂ ಹೇಳಿಲ್ರಿ’ ಎನ್ನುತ್ತಾರೆ. ದನಿಯಲ್ಲಿ ಸಿಟ್ಟಿಲ್ಲ. ಕಸಬರಗಿಯ ಕಡ್ಡಿಗಳನ್ನು ನೆಲಕ್ಕೆ ಕುಟ್ಟಿ ಸಮ ಮಾಡುತ್ತಾರೆ.

ಅಷ್ಟರಲ್ಲಿ ಕಲ್ಲುಗಳ ಆಚೆಯ ಕಾಲುದಾರಿಯಲ್ಲಿ ತಲೆಯ ಮೇಲೆ ಹಾಲಿನ ಕೊಡ ಹೊತ್ತ ಹೆಂಗಸೊಬ್ಬಳು ಬರುತ್ತಾಳೆ. ಎಡಗಣ್ಣು ಮುಚ್ಚಿದೆ. ವಾಡಿ ಸ್ಟೇಷನ್ನಿಗೆ ಹಾಲು ಹಾಕುವ ಮಾಶಾಬಿ.

‘ಏ ಅಮೃತಕ್ಕ, ಇನ್ನಾ ಉಸುಕಿಗೇ ಹೆರಳು ಹಾಕ್ಲಿಕತ್ತೀಯೇನು? ನಿನ್ನ ತಲಿ ನೋಡು, ಗುಬ್ಬಿ ಗೂಡಾಗ್ಯಾದ!’

‘ನಿಂದು ಹಾಲಾಗ ನೀರ ಹಾಕೋ ಕೈ. ನನ್ನ ತಲೀ ಉಸಾಬರಿ ಬಿಡು. ಇವತ್ತು ಹಾಲು ಹೆಚ್ಚದೋ, ನೀರೋ?’

‘ಅಲ್ಲಾನ ಆಣಿ, ಇದು ಬಿಮಾನ ಹಾಲು. ಬಿಮಾ ಸುಳ್ಳ ಹೇಳಂಗಿಲ್ಲ.’

ಬಿಮಾ ಅಂದರೆ ಮಾಶಾಬಿಯ ಎಮ್ಮೆ. ಆ ಹೆಸರಿಗೊಂದು ಕತೆಯಿದೆ. ಈಗ ಹೀಗೆ ಕೂಗಾಡುವ ಇವರಿಬ್ಬರಿಗೆ ಹತ್ತು ವರ್ಷದ ಹಿಂದೆ ಮಾತೇ ಇರಲಿಲ್ಲ. ಮಾಶಾಬಿ ಹೊಡೆದುಕೊಂಡು ಬರುತ್ತಿದ್ದ ಬೇರೊಂದು ಎಮ್ಮೆ ಒಮ್ಮೆ ನುಗ್ಗಿ ಉಸುಕಿನ ಗೋಲ ತುಳಿದಿತ್ತು. ಆ ಜಗಳ ವರ್ಷಗಟ್ಟಲೆ ಹಾಗೇ ಉಳಿದಿತ್ತು.

೧೯೩೭ರ ಮಾಘ ಮಾಸದ ಒಂದು ಬೆಳಿಗ್ಗೆ ಸಾಹೇಬನೊಬ್ಬನ ಚೆಂಡು ಓರೆಯಾಗಿ ಹಾರಿ, ಕಾಲುದಾರಿಯಲ್ಲಿದ್ದ ಮಾಶಾಬಿಯ ಕಣ್ಣಿಗೆ ಬಡಿಯಿತು. ಹೊಡೆದವನು ಕೂಗಿ ಎಚ್ಚರಿಸಿರಲಿಲ್ಲ. ಹೊರಗಿನವರಿಗೆ ಆದ ಪೆಟ್ಟಾದ್ದರಿಂದ ಬಿಮಾ ಕಂಪನಿ ಕೊಡಬೇಕಿತ್ತು. ಆದರೆ ಅಂಬರಾಯರಿಗೆ ಬೇರೆ ಭಯ. ಊರ ದಾರಿಗೆ ಚೆಂಡು ಬೀಳುತ್ತದೆಂದು ಗೊತ್ತಾದರೆ ಕಂಪನಿ ಬಿಮಾವನ್ನೇ ಹಿಂದಕ್ಕೆ ತೆಗೆದುಕೊಂಡೀತು, ಬಿಮಾ ಇಲ್ಲದೆ ಸಾಹೇಬರು ಆಡಲಾರರು. ಮರುದಿನ ಮಧ್ಯಾಹ್ನ ಎಲ್ಲರೂ ಉಣ್ಣಲು ಹೋದಾಗ, ಆ ಕಡೆಯ ಹನ್ನೊಂದು ಕಲ್ಲುಗಳು ಇಪ್ಪತ್ತು ಹೆಜ್ಜೆ ಸರಿದು ದಾರಿಯ ಆಚೆ ಹೋಗಿ ಕೂತವು. ದಾರಿ ಮೈದಾನದೊಳಗೆ ಬಂತು. ಮಾಶಾಬಿ ಹೇಳದೆ ಕೇಳದೆ ಒಳಗೆ ನುಗ್ಗಿದವಳಾದಳು.

ಕಲ್ಲು ಮೊದಲಿನಿಂದ ಅಲ್ಲೇ ಇದ್ದವು ಎಂಬ ಕಾಗದಕ್ಕೆ ಅಮೃತಮ್ಮನ ಹೆಬ್ಬೆಟ್ಟು ಬೇಕಿತ್ತು. ಸುಣ್ಣ ಹಚ್ಚುವವರು ಅವರೇ ತಾನೆ.

‘ಅಂಬರಾಯರು ಅಂದ್ರು, ಬಿಮಾ ಹ್ವಾದ್ರ ಮೈದಾನ ಹೋಗ್ತದ. ಮೈದಾನ ಹ್ವಾದ್ರ ನೀ ಏನು ಕಸಬರಗಿ ತಿಂತೀಯಾ? ಆ ಹಾಲಿನಾಕಿ ನಿನಗೇನು ಅಕ್ಕನೋ ತಂಗಿಯೋ? ಖರೇನೇ ಅಂದ್ರು. ಆಕಿ ನನಗ ಏನಾಗಬೇಕ್ರಿ? ಎಂಟು ಮಂದಿ ಕೆಲಸ ಇತ್ತು ಅದರಾಗ. ನನ್ನ ಮಗಳ ಲಗ್ನ ಬ್ಯಾರೆ.’

ಎರಡು ದಿನ ಕಸಬರಗಿ ಹಿಡಿದರೆ ಗೆರೆ ಸೊಟ್ಟ ಬರುತ್ತಿತ್ತಂತೆ. ಒಂದೇ ಗೋಲವನ್ನು ಮೂರು ಸಲ ಅಳಿಸಿ ಗುಡಿಸಿದರಂತೆ. ಹೆಣ್ಣಿನ ಮನಸ್ಸು ತೂಗಾಡುವಾಗ ಅವಳ ಬಾಯಿಗಿಂತ ಮೊದಲು ಕೈ ತಿಳಿಸಿಬಿಡುತ್ತದೆ, ರೊಟ್ಟಿಯಲ್ಲೋ ರಂಗೋಲಿಯಲ್ಲೋ. ಅಮೃತಮ್ಮನಿಗೆ ಉಸುಕಿನಲ್ಲಿ ತಿಳಿಸಿತು.

ಮೂರನೆಯ ದಿನ ಬಿಮಾ ಕಂಪನಿಯ ಮಜೀದಸಾಬ ತನಿಖೆಗೆ ಹೈದರಾಬಾದಿನಿಂದ ಬಂದಿಳಿದರು. ಬಿಳಿ ಪಾಯಿಜಾಮ, ಕೈಯಲ್ಲಿ ಛತ್ರಿ. ಹೋದ ಅಮಾವಾಸ್ಯೆಯ ಸುಣ್ಣದಲ್ಲಿ ಥಳಥಳಿಸುತ್ತಿದ್ದ ಕಲ್ಲುಗಳನ್ನು ನೋಡಿದರು. ‘ಹೇಳವ್ವ, ಇವು ಯಾವಾಗಿಂದ ಇಲ್ಲೇ ಅವ?’ ಎಂದರು. ಅಂಬರಾಯರು ಶಾಯಿಯ ಡಬ್ಬಿ ತೆರೆದು ನಿಂತಿದ್ದರು.

ಅಮೃತಮ್ಮ ಇಪ್ಪತ್ತು ಹೆಜ್ಜೆ ಹಿಂದಕ್ಕೆ ನಡೆದು, ಕೂತು, ಒಣ ಹುಲ್ಲನ್ನು ಕಸಬರಗಿಯಿಂದ ಸರಿಸಿದರು. ನೆಲದ ಮೇಲೆ ಗಟ್ಟಿಯಾದ ಬಿಳಿ ಉಂಗುರ. ಹನ್ನೊಂದು ವರ್ಷ ಅಮಾವಾಸ್ಯೆಗೊಮ್ಮೆ ಕಲ್ಲಿನಿಂದ ಹನಿ ಹನಿಯಾಗಿ ಇಳಿದ ಸುಣ್ಣ ಪದರ ಪದರವಾಗಿ ಕೂತಿತ್ತು. ನಡುವೆ ಕಲ್ಲಿಲ್ಲ. ಎದ್ದು ಮುಂದಿನದನ್ನು ಸರಿಸಿದರು. ಅಲ್ಲೂ ಒಂದು. ಹೀಗೆ ಹನ್ನೊಂದು.

‘ಕೈಬಳಿ ಇದ್ದಂಗ ಇದ್ದವು ನೋಡ್ರಿ. ಕಲ್ಲು ಎತ್ಯಾರ, ಬಳಿ ಬಿಟ್ಟಾರ. ನೆಲಕ್ಕ ಕುಂತು ಕೆಲಸ ಮಾಡಿದಾಕಿಗೆ ಗೊತ್ತಾಗ್ತದ, ನಿಂತು ಹೇಳೋರಿಗೆ ಹೆಂಗ ಗೊತ್ತಾಗಬೇಕು?’

ಮಜೀದಸಾಬರು ಪಾಯಿಜಾಮದ ಧೂಳನ್ನೂ ಲೆಕ್ಕಿಸದೆ ಮೊಣಕಾಲೂರಿ ಕೂತರು. ಛತ್ರಿಯ ತುದಿಯಿಂದ ಆ ಬಳೆಯನ್ನು ಕೆದಕಿ ನೋಡಿದರು. ಆಮೇಲೆ ಸರಿದ ಕಲ್ಲಿನ ಬಳಿ ಹೋದರು. ಅದರ ಸುತ್ತ ಒಂದೂ ಹನಿ ಇರಲಿಲ್ಲ. ಅಂಬರಾಯರ ಕಡೆ ತಿರುಗಿ, ‘ಹನಿ ಬೀಳದಂಗ ಸುಣ್ಣ ಹಚ್ಚೋ ಕಾರೀಗರ ಯಾರ್ರಿ? ನಮ್ಮ ಮನೀಗೂ ಕಳಸ್ರಿ’ ಎಂದರಂತೆ.

ಕಲ್ಲುಗಳು ಹಳೆಯ ಜಾಗಕ್ಕೆ ಮರಳಿದವು. ಕಂಪನಿ ಮಾಶಾಬಿಗೆ ಪರಿಹಾರ ಕೊಟ್ಟಿತು. ಆ ರೊಕ್ಕದಲ್ಲಿ ಬಂದದ್ದೇ ಬಿಮಾ. ಮೈದಾನದ ಬಿಮಾವೂ ಉಳಿಯಿತು. ಆದರೆ ದಾರಿಯ ಕಡೆಗಿದ್ದ ಗೋಲವನ್ನು ಬೇರೆಡೆ ಮಾಡಬೇಕು, ದಾರಿಯಲ್ಲಿ ಜನ ಬಂದಾಗ ಕೂಗಿ ಹೇಳುವವರೊಬ್ಬರು ಇರಬೇಕು ಎಂದು ಷರತ್ತು. ಅಮೃತಮ್ಮನನ್ನು ಮಾತ್ರ ಅಂಬರಾಯರು ಕೆಲಸದಿಂದ ತೆಗೆದರು. ನಾಲ್ಕು ತಿಂಗಳು ಬೇರೆಯವರು ಗುಡಿಸಿದರು. ಚೆಂಡು ಕುಣಿಯತ್ತ ಹೋಗದೆ ಎಲ್ಲೆಲ್ಲೋ ತಿರುಗಿತು. ಸಾಹೇಬರು ಗೊಣಗಿದರು. ಅಂಬರಾಯರೇ ಮನೆಗೆ ಬಂದು ಕರೆದರು. ಅಂದಿನಿಂದ ಕೂಗುವ ಕೆಲಸವೂ ಇವರದೇ.

‘ಸುಳ್ಳಿಗೆ ಹೆಬ್ಬೆಟ್ಟು ಯಾಕ ಒತ್ತಲಿಲ್ಲ?’ ಎಂದು ಕೇಳಿದರೆ ಕಸಬರಗಿ ಕೆಳಗಿಡುತ್ತಾರೆ. ‘ಮಾಶಾಬಿ ಸಲುವಾಗಿ ಅಂತ ಮಂದಿ ಅಂತಾರ. ಅಲ್ರಿ. ಕಲ್ಲು ಅಲ್ಲಿತ್ತಂದ್ರ ನಾ ಹನ್ನೊಂದು ವರ್ಷ ಸುಣ್ಣ ಹಚ್ಚಿದ್ದು ಎಲ್ಲಿ? ನನ್ನ ಕೆಲಸಾನೇ ಸುಳ್ಳಾಗ್ತಿತ್ತು.’

ಈಗ ಸಾಹೇಬರು ಒಬ್ಬೊಬ್ಬರಾಗಿ ಪೆಟ್ಟಿಗೆ ಕಟ್ಟುತ್ತಿದ್ದಾರೆ. ಮೊದಲು ಬೆಳಗಾದರೆ ಹದಿನಾರು ಮಂದಿ ಬರುತ್ತಿದ್ದಲ್ಲಿ ಈ ವರ್ಷ ಮೂವರು. ಮೈದಾನ ಯಾರ ಕೈಸೇರುತ್ತದೋ ಯಾರಿಗೂ ಗೊತ್ತಿಲ್ಲ. ಚಳಿಗಾಲದ ಬೆಳಗುಗಳಲ್ಲಿ ಇಲ್ಲಿ ಕೇಳುತ್ತಿದ್ದ ಚೆಂಡಿನ ಟಕ್ ಸದ್ದು, ಚಹದ ಕಪ್ಪುಗಳ ಸಪ್ಪಳ ನೆನೆದು ಅಮೃತಮ್ಮ ಒಂದಿಷ್ಟು ಮೆತ್ತಗಾಗುತ್ತಾರೆ. ‘ನಮ್ಮ ಆಟ ಅಲ್ಲ ಖರೆ. ಆದ್ರ ಉಸುಕು ನಾ ಬೆಳಸಿದ್ದು’ ಎನ್ನುತ್ತಾರೆ.

ಮುಂದೆ ಏನಾಗಬೇಕು ಎಂಬುದಕ್ಕೆ ಅವರು ಕೇಳುವುದು ಇಷ್ಟೇ: ‘ಬಯಲು ಯಾರರ ತಗೊಳ್ಳಿ. ಜ್ವಾಳ ಬಿತ್ತಲಿ, ಮನೀ ಕಟ್ಟಲಿ. ಆ ಹಾದಿ ಒಂದು ಬಿಡಲಿ. ಎಲ್ಲಿತ್ತು ಅಂತ ಯಾರರ ಕೇಳಿದ್ರ, ನಾ ಇರ್ಲಿ ಬಿಡ್ಲಿ, ಹುಲ್ಲು ಸರಿಸಿ ನೋಡಂತ ಹೇಳ್ರಿ.’

ದೂರದಲ್ಲಿ ಒಬ್ಬ ಸಾಹೇಬ ಬಡಿಗೆ ಎತ್ತುತ್ತಾನೆ. ಅಮೃತಮ್ಮ ಮಾತು ಅರ್ಧಕ್ಕೆ ಬಿಟ್ಟು, ಹಾಲಿನ ಕೊಡ ಹೊತ್ತು ಹೋಗುತ್ತಿರುವವಳ ಕಡೆ ತಿರುಗಿ ಗಂಟಲು ಬಿಚ್ಚುತ್ತಾರೆ:

‘ಹುಷಾರ್, ಮಾಶಾಬಿ! ಜರಾ ನಿಂದರು!’