ಕಾರ್ಕಳದ ಕಿತ್ತಳೆ ರಸ

ನನ್ನ ಓರಗಿತ್ತಿ ವೇದಾವತಿಯ ಬಗ್ಗೆ ನಾಲ್ಕು ಮಾತು ಬರೆಯಬೇಕೆಂದರೆ ಮೊದಲು ನನ್ನ ಹೊಟ್ಟೆಕಿಚ್ಚಿನ ಮಾತನ್ನೇ ಬರೆಯಬೇಕು. ಅವಳು ಕಾರ್ಕಳದಲ್ಲಿರುವ ನನ್ನ ಮೈದುನ ಹಯಗ್ರೀವನ ಹೆಂಡತಿ. ಏಳನೆಯ ಕ್ಲಾಸಿನವರೆಗೆ ಓದಿದ್ದಾಳೆ, ನಾಲ್ಕು ಜನರೆದುರು ಗಟ್ಟಿಯಾಗಿ ಮಾತಾಡಿದವಳಲ್ಲ. ನಾನು ಮಣಿಪಾಲದಲ್ಲಿ ಟೀಚರು. ಆದರೂ ಅತ್ತೆಯ ಬಾಯಲ್ಲಿ ಬರುವುದು ಅವಳ ಹೆಸರೇ.

ಎಪ್ಪತ್ತೊಂಬತ್ತರ ಡಿಸೆಂಬರಿನಲ್ಲಿ ಅತ್ತೆಗೆ ಹೊಟ್ಟೆಯ ಆಪರೇಷನ್ ಆಯಿತು. ಆಸ್ಪತ್ರೆ ನಮ್ಮ ಮನೆಯಿಂದ ಹತ್ತು ನಿಮಿಷದ ದಾರಿ. ಏನಾದರೂ ಕುಡಿಸಿ ಎಂದು ಡಾಕ್ಟರರು ಹೇಳುತ್ತಿದ್ದರು. ಅತ್ತೆಯದ್ದು ಮಡಿಯ ಹಟ: ಬೆಂಕಿ ಕಂಡದ್ದು, ನಳ್ಳಿ ನೀರು ಬೆರೆತದ್ದು ಆಸ್ಪತ್ರೆಯ ಮಂಚದ ಮೇಲೆ ಬಾಯಿಗೆ ಇಡುವುದಿಲ್ಲ. ಹಣ್ಣಿಗೆ ಮಾತ್ರ ಮೈಲಿಗೆ ಇಲ್ಲ.

ಈ ಸಲ ಅತ್ತೆಯಿಂದ ಒಂದು ಒಳ್ಳೆಯ ಮಾತು ಹೇಳಿಸಿಕೊಳ್ಳಲೇಬೇಕೆಂದು ನಾನು ಟೊಂಕ ಕಟ್ಟಿದೆ. ಅಣ್ಣ ಬೊಂಬಾಯಿಯಿಂದ ತಂದ ಹಣ್ಣು ಹಿಂಡುವ ಯಂತ್ರ ಮನೆಯಲ್ಲಿತ್ತು. ಕಿತ್ತಳೆಯನ್ನು ಬೀಜ ಸಮೇತ ಅದರಲ್ಲಿ ಒತ್ತಿದೆ. ಬೀಜ ಜಜ್ಜಿಹೋಗಿ ರಸ ಕಹಿಯಾಯಿತು. ಕಹಿ ಹೋಗಲೆಂದು ಸಕ್ಕರೆ, ಸಕ್ಕರೆ ಕರಗಲೆಂದು ಒಂದು ಲೋಟ ನೀರು ಹಾಕಿ ಫ್ಲಾಸ್ಕಿನಲ್ಲಿ ಒಯ್ದೆ.

ಅತ್ತೆ ಮೂಸಿ ನೋಡಿದರು. "ನೀರು ಹಾಕಿದ್ದೀಯಲ್ಲ?"

"ಸ್ವಲ್ಪ, ಅತ್ತೆ."

"ಹಾಗಾದರೆ ನೀನೇ ಕುಡಿ, ಸುಭಾಷಿಣಿ."

ವೇದಾವತಿ ಹನ್ನೊಂದು ಗಂಟೆಯ ಬಸ್ಸಿನಲ್ಲಿ ಬರುತ್ತಿದ್ದಳು. ಚೀಲದಲ್ಲಿ ಆರು ಕಿತ್ತಳೆ, ಒಂದು ತೆಳು ಬಟ್ಟೆ, ಒಂದು ಲೋಟ, ಅಷ್ಟೇ. ಮಂಚದ ಪಕ್ಕ ಕುಳಿತು ಒಂದೊಂದು ತೊಳೆಯ ಸಿಪ್ಪೆ, ನಾರು, ಬೀಜ ಬಿಡಿಸಿ, ಬಟ್ಟೆಯಲ್ಲಿ ಕಟ್ಟಿ ಮೆಲ್ಲಗೆ ಹಿಂಡುವಳು. ಅರ್ಧ ಗಂಟೆಯ ಕೆಲಸ. ಅತ್ತೆ ಒಂದು ಹನಿ ಬಿಡದೆ ಕುಡಿದು, ನೋಡಲು ಬಂದವರಿಗೆಲ್ಲ ಹೇಳುವರು, "ಕಾರ್ಕಳದವಳ ಕೈಯಲ್ಲಿ ಅಮೃತ ಉಂಟು." ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ನನಗಾಗಿಯೇ ಹುಟ್ಟಿದ್ದು. ಆ ಬಸ್ಸು ಒಂದು ದಿನವಾದರೂ ಕೆಟ್ಟು ನಿಲ್ಲಬಾರದೇ ಎಂದು ನಾನು ಬೇಡಿಕೊಂಡದ್ದುಂಟು.

ಇದರಲ್ಲಿ ಏನೋ ಗುಟ್ಟು ಇದೆ ಎಂದುಕೊಂಡು ಒಂದು ದಿನ ಬಾಗಿಲ ಮರೆಯಲ್ಲಿ ನಿಂತೆ.

"ಹಣ್ಣು ಎಲ್ಲಿಯದ್ದು, ವೇದಾ? ಸಕ್ಕರೆ ಹಾಗೆ ಉಂಟು," ಎಂದರು ಅತ್ತೆ.

"ಅಕ್ಕ ತಂದು ಕೊಡುವುದು ಅತ್ತೆ. ನನ್ನದು ಹಿಂಡುವ ಕೆಲಸ ಮಾತ್ರ."

"ಸುಭಾಷಿಣಿಯಾ? ಅವಳಿಗೆ ಹಣ್ಣು ಆರಿಸಲು ಬರುತ್ತದೆ ಮಾರಾಯ್ತಿ!"

ನಾನು ಅವಳಿಗೆ ಒಂದು ಹಣ್ಣನ್ನೂ ತಂದು ಕೊಟ್ಟಿರಲಿಲ್ಲ. ಕಣ್ಣು ತುಂಬಬೇಕಿತ್ತು, ತುಂಬಲಿಲ್ಲ, ಮೈಯೆಲ್ಲ ಉರಿಯಿತು. ರಸದಲ್ಲಿ ಸೋಲಿಸಿದ್ದು ಸಾಲದೆ ಒಳ್ಳೆಯತನದಲ್ಲೂ ಸೋಲಿಸಬೇಕೇ ಇವಳು?

ಮಾರನೆಯ ದಿನ ಬೆಳಿಗ್ಗೆಯೇ ಉಡುಪಿಗೆ ಇಳಿದು, ನೋಡಲು ಚಂದ ಕಂಡ ಒಂದು ಡಜನ್ ಕಿತ್ತಳೆ ತಂದೆ. ಆಸ್ಪತ್ರೆಯ ಮೆಟ್ಟಿಲಲ್ಲಿ ಅವಳ ಕೈಗಿತ್ತು, "ಇವತ್ತು ಇದನ್ನೇ ಹಿಂಡು," ಎಂದೆ. ಅವಳು ನನ್ನ ಮುಖ ನೋಡಿ ಚೀಲ ತೆಗೆದುಕೊಂಡಳು.

ಅತ್ತೆ ಒಂದು ಗುಟುಕು ಕುಡಿದು ನನ್ನತ್ತ ತಿರುಗಿದರು. "ಎಂತ ಸುಭಾಷಿಣಿ, ನಿನ್ನೆಯವರೆಗೆ ಎಷ್ಟು ಸಿಹಿಯಾದ ಹಣ್ಣು ತರುತ್ತಿದ್ದೆ! ಇವತ್ತು ಯಾಕೆ ಇಷ್ಟು ಹುಳಿ?"

ವೇದಾವತಿ ತಲೆ ಎತ್ತಲಿಲ್ಲ, ತೊಳೆ ಬಿಡಿಸುತ್ತಲೇ ಇದ್ದಳು. ಆ ಸಿಹಿ ಹಣ್ಣು ನಾನು ತಂದದ್ದಲ್ಲ ಎಂದುಬಿಟ್ಟರೆ ನನಗೆ ಸಿಕ್ಕಿದ್ದ ಒಂದೇ ಒಂದು ಹೊಗಳಿಕೆಯೂ ಅವಳ ಪಾಲಾಗುತ್ತಿತ್ತು.

"ನಾಳೆ ನೋಡಿ ತರುತ್ತೇನೆ ಅತ್ತೆ," ಎಂದೆ.