ಜಗಳದಲ್ಲಿ ಕಲಿತ ತೆಲುಗು

ಹೊಸಪೇಟೆಯಲ್ಲಿ ಹುಟ್ಟಿ ಬೆಳೆದವನಿಗೆ ತೆಲುಗು ಬರುವುದಿಲ್ಲ ಎಂದರೆ ಯಾರೂ ನಂಬುವುದಿಲ್ಲ. ನಾನೇ ನಂಬಿರಲಿಲ್ಲ. ನಲವತ್ತೊಂದನೆಯ ವಯಸ್ಸಿನಲ್ಲಿ, ಬಳ್ಳಾರಿಯ ಒಂದು ಕಚೇರಿಯ ಕೋಣೆಯಲ್ಲಿ ಪರೀಕ್ಷಕರ ಎದುರು ಬಾಯಿ ತೆರೆದು, ಅದರಿಂದ ಉಸಿರಿನ ಹೊರತು ಏನೂ ಬಾರದಿದ್ದಾಗ ನನಗೆ ಆ ಸುದ್ದಿ ತಿಳಿಯಿತು.

ನಾನು ತಾಲೂಕು ಕಚೇರಿಯ ಗುಮಾಸ್ತ. ಹಿರಿಯ ಗುಮಾಸ್ತರು ನಿವೃತ್ತರಾದಾಗ ಅವರ ಕುರ್ಚಿಯಲ್ಲಿ ನನ್ನನ್ನು ತಾತ್ಕಾಲಿಕವಾಗಿ ಕೂರಿಸಿದ್ದರು. ಅದು ಕಾಯಂ ಆಗಬೇಕಾದರೆ ಇನ್ನೊಂದು ದೇಶಭಾಷೆಯ ಪರೀಕ್ಷೆ ಪಾಸಾಗಬೇಕೆಂದು ಮದರಾಸಿನಿಂದ ಅಪ್ಪಣೆ. ಕೂರಲು ಮೂರೇ ಸಲ ಅವಕಾಶ. ಮೂರನೆಯದೂ ಹೋದರೆ ನಾನು ಕಪಾಟಿನ ಪಕ್ಕದ ಹಳೆಯ ಮೂಲೆಗೆ ವಾಪಸು, ಕುರ್ಚಿ ನನ್ನಿಂದಲೇ ಕೆಲಸ ಕಲಿತವನಿಗೆ. ಅವನು ಆಗಲೇ ಬಡಗಿಯನ್ನು ಕರೆಸಿ ಆ ಕುರ್ಚಿಯ ಅಲ್ಲಾಡುವ ಕಾಲನ್ನು ತೋರಿಸಿದ್ದ. ನನಗೆ ಅನುಕೂಲವಾಗಲೆಂದು ಅಲ್ಲ.

ನಾನು ತೆಲುಗನ್ನೇ ಆರಿಸಿಕೊಂಡದ್ದು ಅದು ಬರುತ್ತದೆಂಬ ಧೈರ್ಯದಿಂದ. ಹದಿನೆಂಟು ವರ್ಷ ತೆಲುಗಿನ ರೈತರ ಅಹವಾಲು ಕೇಳಿದವನು. ಆದರೆ ನಮ್ಮ ಕಡೆಯ ಪದ್ಧತಿಯೊಂದಿದೆ, ಹೊರಗಿನವರಿಗೆ ವಿಚಿತ್ರವೆನಿಸಬಹುದು. ಇಬ್ಬರು ಸೇರಿದರೆ ಅವನು ತೆಲುಗಿನಲ್ಲಿ ಹೇಳುತ್ತಾನೆ, ಇವನು ಕನ್ನಡದಲ್ಲಿ ಉತ್ತರಿಸುತ್ತಾನೆ. ವ್ಯಾಪಾರ, ನೆಂಟಸ್ತಿಕೆ, ಚೇಷ್ಟೆ ಎಲ್ಲವೂ ಹೀಗೆಯೇ ನಡೆದುಹೋಗುತ್ತದೆ. ಒಬ್ಬರ ಭಾಷೆಯನ್ನು ಇನ್ನೊಬ್ಬರು ಆಡಿ ಕೆಡಿಸಬಾರದೆಂಬ ಮರ್ಯಾದೆಯೋ, ಬರೀ ಸೋಮಾರಿತನವೋ ನಾನರಿಯೆ. ಅಂತೂ ನನ್ನ ಕಿವಿ ತೆಲುಗಿನಲ್ಲಿ ಪಂಡಿತನಾಗಿತ್ತು. ನಾಲಗೆ ಇನ್ನೂ ತೊಟ್ಟಿಲಲ್ಲಿತ್ತು.

ಎರಡನೆಯ ಸಲ ನಾನು ಬಾಯಿ ಬಿಟ್ಟೆ. ಪರೀಕ್ಷಕರು ಹೊರಗೆ ಕಾದಿದ್ದ ರೈತನೊಬ್ಬನನ್ನು ಕರೆಸಿ, ಇವನ ಬೆಳೆ ವಿಚಾರಿಸಿ ಎಂದರು. ನಾನು ಒಂದೊಂದೇ ಪದವನ್ನು ಬಾವಿಯಿಂದ ಸೇದಿದಂತೆ ಎಳೆದು ಪ್ರಶ್ನೆ ಮುಗಿಸುವಷ್ಟರಲ್ಲಿ ಆ ಪುಣ್ಯಾತ್ಮ ಕರಗಿಹೋದ. "ಕನ್ನಡದಾಗ ಕೇಳ್ರಿ ಸ್ವಾಮಿ, ನಂಗ ಬರ್ತೈತಿ" ಎಂದ. ಪರೀಕ್ಷಕರು ಕಾಗದದ ಮೇಲೆ ಎರಡು ಸಾಲು ಗೀಚಿ ಗಂಟೆ ಬಾರಿಸಿದರು.

ಆಮೇಲೆ ಕಂಡಕಂಡವರು ಭಾಷೆಯ ವಿಷಯ ತೆಗೆಯತೊಡಗಿದರು. ಒಂದು ಭಾಷೆ ಕಲಿಯೋಕ ಎಷ್ಟು ದಿನ ಬೇಕ್ರಿ? ಕೂಸಿಗೆ ಬರ್ತೈತಿ, ದೊಡ್ಡೋರಿಗೆ ಯಾಕ ಬರಂಗಿಲ್ಲ? ಸಂಡೂರಿನ ಭಾವ, ಅಲ್ಲಿನ ಮರಾಠರ ಸಂಸ್ಥಾನದಲ್ಲಿ ಹತ್ತು ವರ್ಷದವನಿದ್ದಾಗಲೇ ಮರಾಠಿ ಕಲಿತವನು, ತೀರ್ಪನ್ನೇ ಕೊಟ್ಟ: "ನಲವತ್ತು ದಾಟಿದ ಮ್ಯಾಲ ನಾಲಿಗಿ ಹೊರಳಂಗಿಲ್ಲ ಬಿಡೋ. ಮುದಿ ಎತ್ತಿಗೆ ಹೊಸ ದಾರಿ ಯಾಕ?" ಚಿಂತೆ ಹೆಚ್ಚಾಗಿ ಹಂಪಿಗೆ ಹೋದೆ. ಅಲ್ಲಿನ ಪರಿಚಯದ ಅರ್ಚಕರು ಯಾತ್ರಿಕರನ್ನು ಅವರವರ ಭಾಷೆಯಲ್ಲೇ ಕರೆಯುತ್ತಿದ್ದರು.

"ನಿಮಗ ಎಷ್ಟು ಭಾಷೆ ಬರ್ತಾವ್ರಿ?" ಎಂದೆ, ಹೊಟ್ಟೆಕಿಚ್ಚಿನಿಂದ.

"ಏಳು. ಏಳರಾಗೂ ಎರಡೇ ಮಾತು. ಚಪ್ಪಲಿ ಹೊರಗ ಬಿಡ್ರಿ, ಬಾಗಿಲು ಗಿಡ್ಡ ಐತಿ ತಲಿ ಬಗ್ಗಸ್ರಿ."

"ಅಷ್ಟಕ್ಕ ಭಾಷೆ ಬಂತು ಅಂತಾರೇನ್ರಿ?"

"ಬಂದೋರು ತಲಿ ಬಗ್ಗಸ್ತಾರಲ್ಲ!"

ನಾನೂ ಬಗ್ಗಿಸಿ ಹಿಂತಿರುಗಿದೆ.

ನಮ್ಮ ಪಕ್ಕದ ಮನೆಯಲ್ಲಿ ಒಬ್ಬ ಮುದುಕಿ ಇದ್ದಳು. ಕಂಪ್ಲಿಯ ನೇಕಾರರ ಮನೆತನದವಳು, ತೆಲುಗಿನವಳು, ಮುತ್ತುಗದ ಎಲೆ ಹಚ್ಚಿ ಊಟದೆಲೆ ಮಾಡಿ ಮಾರುತ್ತಿದ್ದಳು. ಇಪ್ಪತ್ತು ವರ್ಷಗಳಿಂದ ಗೋಡೆಯಾಚೆಯಿಂದ ಅವಳು ತೆಲುಗಿನಲ್ಲಿ, ಈಚೆಯಿಂದ ನನ್ನ ಹೆಂಡತಿ ಕನ್ನಡದಲ್ಲಿ ಲೋಕದ ಎಲ್ಲ ವಿಷಯ ಮಾತಾಡಿ ಮುಗಿಸಿದ್ದರು. ಒಂದು ಸಂಜೆ ನಾನು ಗೋಡೆಯ ಹತ್ತಿರ ಹೋಗಿ, ಆರೋಗ್ಯ ಹೇಗಿದೆ ಎಂದು ತೆಲುಗಿನಲ್ಲಿ ಕೇಳಿದೆ. ಅವಳು ಕೈಯಲ್ಲಿದ್ದ ಎಲೆ ಕೆಳಗಿಟ್ಟು ನನ್ನನ್ನೇ ನೋಡಿದಳು. ಕುಂಟುವ ದನವನ್ನು ನೋಡುವ ನೋಟ.

"ಯಾಕ್ರಿ ಗುಮಾಸ್ತರೆ, ಅಷ್ಟು ತ್ರಾಸು ಪಡ್ತೀರಿ? ನನಗ ಕನ್ನಡ ಬರ್ತೈತಲ್ರಿ!"

ಇಪ್ಪತ್ತು ವರ್ಷದಲ್ಲಿ ಅವಳು ಕನ್ನಡ ಆಡಿದ್ದನ್ನು ನಾವು ಕೇಳಿದ್ದು ಅದೇ ಮೊದಲು. ನನಗಿಂತ ಸ್ವಚ್ಛವಾಗಿ ಆಡಿದಳು. ಮರುದಿನ, ಅದರ ಮರುದಿನ ಪ್ರಯತ್ನಿಸಿದರೂ ಅಷ್ಟೆ. ನಾನು ತೆಲುಗು ತೆಗೆದೊಡನೆ ಅವಳಿಗೆ ಮರುಕ ಬಂದು ಕನ್ನಡ ಹೊರಡುತ್ತಿತ್ತು.

ಉಪಾಯ ಹೇಳಿದವಳು ಹೆಂಡತಿ. "ಏನ್ರಿ, ಆಕಿ ಹಾಲಿನಾಕಿ ಜೋಡಿ ಜಗಳ ಆಡಾಗ ಒಂದು ಕನ್ನಡ ಮಾತು ಬಂದದ್ದು ಕೇಳೀರೇನು? ಸಿಟ್ಟಿಗೆ ತನ್ನ ಭಾಷೆನಾ ಬೇಕು. ಜಗಳ ತೆಗೀರಿ."

"ಯಾವ ಕಾರಣಕ್ಕ?"

"ಇಪ್ಪತ್ತು ವರ್ಷ ನನ್ನ ಜೋಡಿ ತೆಗ್ದೀರಿ, ಕಾರಣ ನಾ ಹೇಳಿಕೊಡ್ಲೇನು?"

ಹಾಗೆ ಜಗಳ ತೆಗೆದೆ. ಅವಳ ಅಂಗಳದ ಬೇವಿನ ಮರದ ಎಲೆ ನಮ್ಮ ಅಂಗಳಕ್ಕೆ ಉದುರುತ್ತಿತ್ತು. ನಾನು ಅವನ್ನು ಗುಡಿಸಿ, ಗೋಡೆಯ ಮೇಲಿಂದ ಅವಳು ಒಪ್ಪ ಮಾಡಿಟ್ಟ ಊಟದೆಲೆಗಳ ಮೇಲೆ ಸುರಿದೆ. ಆಹಾ, ಬಂತು ತೆಲುಗು! ನನ್ನ ಕಣ್ಣು, ನನ್ನ ಓದು, ನನ್ನ ಹಿರಿಯರು ಯಾರನ್ನೂ ಅವಳು ಬಿಡಲಿಲ್ಲ. ನಾನು ತಡವರಿಸಿದರೂ ಮರುಕ ತೋರಿಸಲಿಲ್ಲ. ಎರಡು ತಿಂಗಳು ಕಚೇರಿಯಿಂದ ಬಂದು, ಕೋಟು ಬಿಚ್ಚಿ, ಕಾಫಿ ಕುಡಿದು, ದಣಿದ ಮೈಯಲ್ಲಿ ಗೋಡೆಯ ಬಳಿ ಹೋಗಿ ಜಗಳಕ್ಕೆ ನಿಲ್ಲುತ್ತಿದ್ದೆ. ಅವಳು ನಿಜಕ್ಕೂ ನೊಂದಿರುವಳೋ ಏನೋ ಎಂಬ ಸಂಕಟದಲ್ಲಿ ಊಟ ಸೇರುತ್ತಿರಲಿಲ್ಲ. ಹೆಂಡತಿ ಹಿತ್ತಿಲ ಬಾಗಿಲಿನಿಂದ ಅವಳಿಗೆ ಬಟ್ಟಲು ಸಾರು ಒಯ್ದು ಕೊಡುತ್ತಿದ್ದಳು. "ಗುಮಾಸ್ತರಿಗೆ ಯಾರರ ಮಾಟ ಮಾಡಿಸ್ಯಾರೇನವ್ವ?" ಎಂದು ಮುದುಕಿ ಅವಳನ್ನು ಗುಟ್ಟಾಗಿ ಕೇಳಿದಳಂತೆ, ಕನ್ನಡದಲ್ಲಿ.

ಮೂರನೆಯ ಪರೀಕ್ಷೆಯ ದಿನ ಅದೇ ಕೋಣೆ, ಅದೇ ಗಂಟೆ. ಈ ಸಲದ ರೈತ ಹಿರಿಯ, ರುಮಾಲನ್ನು ಕಂಕುಳಲ್ಲಿ ಇಟ್ಟುಕೊಂಡು ನಿಂತಿದ್ದ. "ಈತನ ಹೊಲ, ನೀರು ವಿಚಾರಿಸಿ ನನಗೆ ತಿಳಿಸಿ" ಎಂದರು ಪರೀಕ್ಷಕರು.

"ಮೀ ಪೊಲಂ ಎಕ್ಕಡ ಉಂದಿ?" ಎಂದೆ. ನಿಮ್ಮ ಹೊಲ ಎಲ್ಲಿದೆ ಎಂದಷ್ಟೆ. ಹಿರಿಯ ನನ್ನ ಮುಖ ನೋಡಿದ. ಅದೇ ಮರುಕ! ಕನ್ನಡದ ಮಾತೊಂದು ಅವನ ತುಟಿಯವರೆಗೆ ಬಂದು ನಿಂತದ್ದು ನನಗೆ ಕಾಣಿಸಿತು. ಅದರ ಹಿಂದೆ ನನ್ನ ಕುರ್ಚಿ ಹೋಗುವುದೂ ಕಾಣಿಸಿತು.

"ಅಬದ್ಧಂ!" ಎಂದು ಕೂಗಿದೆ. ಸುಳ್ಳು! ಅವನು ಇನ್ನೂ ಏನನ್ನೂ ಹೇಳಿರಲಿಲ್ಲ.

ಆಮೇಲೆ ಗೋಡೆಯ ಬಳಿ ಕಲಿತದ್ದೆಲ್ಲ ತಾನಾಗಿ ಹರಿಯಿತು. ಪಕ್ಕದವನ ಸರದಿಯ ಕೆರೆನೀರನ್ನು ನೀನೇ ತಿರುಗಿಸಿಕೊಂಡೆ, ಬಡವನ ಪೈರು ಒಣಗಿಸಿದೆ, "ನೀಕು ಸಿಗ್ಗು ಲೇದಾ?" ನಾಚಿಕೆಯಿಲ್ಲವೇ ನಿನಗೆ? ಹಿರಿಯನ ಮುಖ ಕೆಂಪಾಯಿತು, ರುಮಾಲು ನೆಲಕ್ಕೆ ಬಿತ್ತು. "ನುವ್ವು ವಚ್ಚಿ ಚೂಸಾವಾ?" ನೀನು ಬಂದು ನೋಡಿದೆಯಾ ಎಂದು ಅಬ್ಬರಿಸಿದ. ಒಂದಕ್ಕೆ ಹತ್ತು ಮಾತು ಬೆಳೆಯಿತು. ನಡುವೆ ಅವನ ಮಾತು ನನ್ನ ಕಿವಿಗೆ ಬಿತ್ತು, ಆ ಪಂಡಿತ ಕಿವಿಗೆ. ಮೂರು ವರ್ಷಗಳಿಂದ ಅವನ ಸರದಿಯ ನೀರನ್ನು ಮೇಲಿನ ಹೊಲದವನು ತಿರುಗಿಸಿಕೊಳ್ಳುತ್ತಿದ್ದಾನೆ. ಆ ದೂರು ಕೊಡಲೆಂದೇ ಇವನು ಬಂದು ಬೆಳಗಿನಿಂದ ಕಾದು ಕೂತದ್ದು. ಒಳಗೆ ಕರೆದದ್ದು ಅದಕ್ಕೇ ಎಂದುಕೊಂಡಿದ್ದ.

ನನ್ನ ಬಾಯಿ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಇನ್ನೆರಡು ಮಾತು ಆಡಿಯೇ ನಿಂತದ್ದು.

ಅವನು ಹೇಳಿದ್ದನ್ನೆಲ್ಲ ಪರೀಕ್ಷಕರಿಗೆ ಒಪ್ಪಿಸಿದೆ. ಅವರು ಬೆವರು ಒರೆಸಿಕೊಂಡು, "ಸಾಕು. ಭಾಷೆ ಬರುತ್ತದೆ. ಮರ್ಯಾದೆ ಬರುವುದಿಲ್ಲ, ಆದರೆ ಅದಕ್ಕೆ ಇಲ್ಲಿ ಅಂಕಗಳಿಲ್ಲ" ಎಂದರು. ಪಾಸು.

ಹೊರಗೆ ಬಂದರೆ ಹಿರಿಯ ಮೆಟ್ಟಿಲ ಮೇಲೆ ಕೂತು ರುಮಾಲಿನ ಧೂಳು ಕೊಡವುತ್ತಿದ್ದ. ತಪ್ಪಾಯಿತು ಎನ್ನಬೇಕು. ತೆಲುಗಿನಲ್ಲಿ ಹುಡುಕಿದೆ. ಪುಸ್ತಕದ ಪದವೊಂದು ಸಿಕ್ಕಿತು, ಆದರೆ ಅದನ್ನು ಮನುಷ್ಯರಿಗೆ ಹೇಳುತ್ತಾರೋ ದೇವರಿಗೆ ಹೇಳುತ್ತಾರೋ ತಿಳಿಯಲಿಲ್ಲ. ಗೋಡೆಯ ಬಳಿ ಅದರ ಪಾಠವಾಗಿರಲಿಲ್ಲ.

"ತಪ್ಪಾತ್ರಿ, ಯಜಮಾನ್ರ" ಎಂದೆ, ಕನ್ನಡದಲ್ಲೇ. "ಅದು ಪರೀಕ್ಷಾ ಇತ್ತು. ನಿಮ್ಮ ಮ್ಯಾಲ ನಂಗ ಏನೂ ಸಿಟ್ಟಿಲ್ರಿ."

ಅವನು ರುಮಾಲನ್ನು ತಲೆಗೆ ಸುತ್ತಿಕೊಂಡ. ಆಮೇಲೆ, ಪಾಸಾಯಿತೇ ಎಂದು ತೆಲುಗಿನಲ್ಲಿ ಕೇಳಿದ.

"ಆತ್ರಿ."

ಹಾಗಾದರೆ ನನ್ನ ಅರ್ಜಿ ಬರೆದುಕೊಡು ಎಂದ, ತೆಲುಗಿನಲ್ಲೇ, ಸರಿದು ಜಾಗ ಮಾಡುತ್ತ. ಹೊಸಪೇಟೆಯ ರೈಲುಗಾಡಿಗೆ ಅರ್ಧ ಗಂಟೆಯಷ್ಟೇ ಇತ್ತು. ಕೂತೆ. ಅವನು ಹೇಳುತ್ತ ಹೋದ, ನಾನು ಕನ್ನಡದಲ್ಲಿ ಕೇಳುತ್ತ, ಕನ್ನಡದಲ್ಲಿ ಬರೆಯುತ್ತ ಹೋದೆ. ಯಾವ ಕೆರೆ, ಎಷ್ಟನೆಯ ತೂಬು, ಯಾರ ಸರದಿ ಯಾವ ವಾರ. ಗಾಡಿ ಕೂಗಿದ್ದು ಇಬ್ಬರಿಗೂ ಕೇಳಿಸಿತು. ಅವನು ನಿಲ್ಲಿಸಲಿಲ್ಲ, ನಾನೂ ಏಳಲಿಲ್ಲ.