ಕೃಪಾಗೆ ಹಸಿವಾದ ದಿನ

ಕರ್ತನನ್ನು ಪ್ರೀತಿಸುವ ನಿಮಗೆಲ್ಲ ಸ್ಯಾನ್ ಫ್ರಾನ್ಸಿಸ್ಕೋ ಕಡೆಯ ಬೆರ್ರಿಯೆಸಾದಿಂದ ಸುನೀತಾಳ ವಂದನೆಗಳು. ಕಳೆದ ಈಸ್ಟರ್ ಮುಗಿದ ಮರುವಾರ ನಮಗೆ ಹೆಣ್ಣುಮಗು ಹುಟ್ಟಿತು. ಕೃಪಾ ಎಂದು ಹೆಸರಿಟ್ಟೆವು. ಆದರೆ ಮಗು ಹಾಲನ್ನೇ ಕುಡಿಯುತ್ತಿರಲಿಲ್ಲ. ಎದೆಗೆ ಹಿಡಿದರೆ ಮುಖ ತಿರುಗಿಸುತ್ತಿತ್ತು, ಬಾಟಲಿ ಕೊಟ್ಟರೆ ಒಂದೆರಡು ಗುಟುಕಿಗೇ ನಿದ್ದೆ ಹೋಗುತ್ತಿತ್ತು. ಕ್ಲಿನಿಕ್ಕಿನಲ್ಲಿ ತೂಗಿದಾಗಲೆಲ್ಲ ತೂಕ ಇಳಿದಿರುತ್ತಿತ್ತು. ಸೋಮವಾರದೊಳಗೆ ಏರದಿದ್ದರೆ ಅಡ್ಮಿಟ್ ಮಾಡಿ ಮೂಗಿಗೆ ಟ್ಯೂಬ್ ಹಾಕಬೇಕಾಗುತ್ತದೆ ಎಂದರು ಡಾಕ್ಟರು.

ಬಾಣಂತನಕ್ಕೆ ಹಾಸನದಿಂದ ಅಮ್ಮ ಬರಬೇಕಿತ್ತು, ವೀಸಾ ಸಿಗಲಿಲ್ಲ. ನನ್ನ ಗಂಡ ಪ್ರಸನ್ನ ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಲ್ಯಾಬಿನಿಂದ ಫ್ರೀವೇ ಟ್ರಾಫಿಕ್ಕು ದಾಟಿ ಬರುವಷ್ಟರಲ್ಲಿ ಸಂಜೆಯೇ ಕಳೆದಿರುತ್ತಿತ್ತು. "ಸ್ವಾಮೀ, ಅಮ್ಮನನ್ನು ಕಳಿಸು" ಎಂದು ಅತ್ತೂ ಅತ್ತೂ ಸಾಕಾಯಿತು. ದೇವರಿಗೆ ನನ್ನ ಮಾತು ಕೇಳಿಸುತ್ತಲೇ ಇಲ್ಲವೇನೋ ಎನ್ನಿಸಿತು.

ಆ ಶುಕ್ರವಾರ ಬಾಗಿಲು ತಟ್ಟಿದವರು ಜಯಮ್ಮ. ಮೇಲಿನ ಅಪಾರ್ಟ್‌ಮೆಂಟಿನ ರಶ್ಮಿಯ ತಾಯಿ, ಮಂಡ್ಯದ ಕಡೆಯವರು.

"ಮೊದ್ಲು ಕೂಸು ಅಳೋದು ಮೇಲಕ್ಕೆ ಕೇಳ್ತಿತ್ತು ಕಣವ್ವ. ಈಗ ಅಳೋದೂ ಕೇಳ್ತಿಲ್ಲ. ಅದ್ಕೇ ಬಂದೆ" ಎಂದರು.

ಹೇಳಿ ಕೇಳುವ ಗೋಜಿಲ್ಲ, ಅಡುಗೆಮನೆ ಅವರ ವಶವಾಯಿತು. ಬೆಳ್ಳುಳ್ಳಿ ಹಾಕಿದ ಮೆಣಸಿನ ಸಾರಿನಲ್ಲಿ ನನಗೆ ಹೊಟ್ಟೆ ತುಂಬ ಅನ್ನ ಉಣ್ಣಿಸಿದರು. ಆಮೇಲೆ ಸೊಂಟದಿಂದ ಕಪ್ಪು ದಾರ ತೆಗೆದು, "ದೃಷ್ಟಿ ಆಗ್ಬುಟ್ಟದೆ, ಕಟ್ಟುಬುಡ್ತೀನಿ" ಎಂದು ಮಗುವಿನ ಕೈ ಹಿಡಿದರು.

ಬೇಡವೆಂದರೆ ಎದ್ದು ಹೋದಾರು. ಇದ್ದೊಂದು ಆಸರೆಯೂ ತಪ್ಪೀತು. ಆದರೂ ಕರ್ತನನ್ನು ಅರ್ಧ ನಂಬುವುದು ನನ್ನಿಂದಾಗಲಿಲ್ಲ. "ಅಮ್ಮ, ನಾವು ದಾರ ಕಟ್ಟಲ್ಲ. ಇವಳನ್ನ ಯೇಸುಸ್ವಾಮಿ ಕೈಗೇ ಒಪ್ಪಿಸಿದ್ದೀವಿ. ಪ್ರಾರ್ಥನೆ ಮಾಡ್ತೀವಿ, ಅಷ್ಟೇ. ಬೇಜಾರು ಮಾಡ್ಕೋಬೇಡಿ" ಎಂದೆ.

ಜಯಮ್ಮ ಮಗುವಿನ ಕೈ ಬಿಟ್ಟರು. ದಾರವನ್ನು ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡರು. "ಸರಿ ಬುಡು. ಹಂಗಾದ್ರೆ ಮಾಡು ಮತ್ತೆ. ಇಂಗ್ಲೀಸ್‌ನಲ್ಲಿ ಬ್ಯಾಡ, ನಂಗೂ ತಿಳೀಲಿ."

ನಾನು ಆರೋಗ್ಯ ಕೊಡು, ಬಲ ಕೊಡು ಎಂದು ಬೇಡಿಕೊಂಡೆ. ಆಮೆನ್ ಅಂದ ಮೇಲೆ ಅವರೇ ಸೇರಿಸಿದರು: "ಯೇಸಪ್ಪಾ, ಕೂಸಿಗೆ ಹಸಿವು ಕೊಡು." ಇಷ್ಟು ದಿನ ಅದೊಂದನ್ನು ಕೇಳಲು ನನಗೇ ಹೊಳೆದಿರಲಿಲ್ಲ!

ಶನಿವಾರ ಬೆಳಿಗ್ಗೆ ಜಯಮ್ಮ ಬಂದು ಕೃಪಾಗೆ ಎಣ್ಣೆ ನೀರು ಹಾಕಿದರು. ಎರೆದ ಮೇಲೆ ಸಾಂಬ್ರಾಣಿ ಹಾಕದಿದ್ದರೆ ಅದು ಬಾಣಂತನವೇ? ಪ್ರಸನ್ನ ಬಾರ್ಬೆಕ್ಯೂಗೆಂದು ತಂದಿಟ್ಟಿದ್ದ ಇದ್ದಿಲನ್ನು ಒಲೆಯ ಮೇಲೆ ಕೆಂಡ ಮಾಡಿ, ಹಳೇ ಬಾಣಲೆಗೆ ಹಾಕಿ, ಊರಿನಿಂದ ತಂದ ಸಾಂಬ್ರಾಣಿಯನ್ನು ಧಾರಾಳವಾಗಿ ಉದುರಿಸಿದರು. ಸ್ಮೋಕ್ ಅಲಾರಂ ಬಾಯಿ ಬಡಿದುಕೊಂಡಿತು. ಹಿಂದೆಯೇ ಇಡೀ ಬಿಲ್ಡಿಂಗಿನ ಅಲಾರಂ. ನೈಟಿ, ಪೈಜಾಮ, ತಲೆಗೆ ಸುತ್ತಿದ ಟವೆಲು ಸಮೇತ ಎಲ್ಲರೂ ಪಾರ್ಕಿಂಗ್ ಲಾಟಿಗೆ ಓಡಿದೆವು. ಫೈರ್ ಎಂಜಿನ್ ಬಂದೇಬಿಟ್ಟಿತು.

ಆ ಸದ್ದಿಗೆ ಕೃಪಾ ಬೆಚ್ಚಿಬಿದ್ದು, ಎಷ್ಟೋ ದಿನಗಳ ಮೇಲೆ ಬಾಯಿ ಅಗಲಿಸಿ ಕಿರುಚಿದಳು.

"ಬಾಯಿ ಬುಟ್ಟದೆ! ಹಿಡಿ, ಹಿಡಿ!" ಎಂದು ಜಯಮ್ಮ ನನ್ನನ್ನು ಫುಟ್‌ಪಾತಿನ ಅಂಚಿಗೆ ಕೂರಿಸಿ ಸೆರಗು ಅಡ್ಡ ಹಿಡಿದರು. ಕೃಪಾ ಎದೆಗೆ ಕಚ್ಚಿಕೊಂಡಳು. ಬಿಡಲಿಲ್ಲ. ಗಟಗಟನೆ ಕುಡಿಯುವ ಸದ್ದು ನನಗೆ ಕೇಳಿಸಿತು. "ಸ್ತೋತ್ರ ಯೇಸಪ್ಪಾ!" ಎಂದು ಕೂಗಿಬಿಟ್ಟೆ. ನಾಚಿಕೆಯೂ ಆಗಲಿಲ್ಲ. ಸುತ್ತ ಇದ್ದ ನಮ್ಮ ಬಿಲ್ಡಿಂಗಿನ ಕನ್ನಡದ ಹೆಂಗಸರೆಲ್ಲ ಏನಾಯಿತೆಂದು ಕೇಳಿದರು. ಹಾಲೂಡಿಸುತ್ತಲೇ ನನ್ನ ಸ್ವಾಮಿಯ ವಿಷಯವನ್ನು ಮೊದಲಿನಿಂದ ಹೇಳಿದೆ. ಅಷ್ಟರಲ್ಲಿ ಫೈರ್‌ಮ್ಯಾನ್ ಒಬ್ಬ ಬಾಣಲೆ ಹಿಡಿದು ಬಂದು, ಇದು ಯಾರದು ಎಂದು ಕೇಳಿದ.

"ನಂದೇ ಕಣಪ್ಪ, ಇಲ್ಲಿ ಕೊಡು" ಎಂದರು ಜಯಮ್ಮ.

ಸೋಮವಾರ ತೂಕ ಏರಿತ್ತು. ಟ್ಯೂಬಿನ ಮಾತೇ ಬರಲಿಲ್ಲ.

ಜಯಮ್ಮ ಮಂಡ್ಯಕ್ಕೆ ಹಿಂತಿರುಗಿದ್ದಾರೆ. ಕೃಪಾಗೆ ಅನ್ನ ಉಣ್ಣಿಸುವ ಹೊತ್ತಿಗೆ ಆಗಾಗ ವಿಡಿಯೋ ಕಾಲ್ ಮಾಡುತ್ತಾರೆ. ಒಮ್ಮೆ, "ಇವತ್ತು ಪ್ರಾರ್ಥನೆ ನಂದು" ಎಂದು ತಾವೇ ಕಣ್ಣು ಮುಚ್ಚಿದರು. "ಯೇಸಪ್ಪಾ, ಕೂಸಿಗೆ ಹಸಿವು ಕೊಟ್ಟೆ. ಈಗ ಅದ್ರ ಅಜ್ಜಿಗೆ ವೀಸಾ ಕೊಡ್ಸು. ನಾನು ಮಾಡಿದ ಬಾಣಂತನ ಸರಿಯಾಗಿ ಅದೋ ಇಲ್ವೋ, ಆಯಮ್ಮನೇ ಬಂದು ನೋಡ್ಲಿ."

ನಾನು ಅಮ್ಮನನ್ನು ಕಳಿಸೆಂದು ಕೇಳಿದಾಗ ಕರ್ತನು ಮೊದಲು ಜಯಮ್ಮನನ್ನು ಕಳಿಸಿದನು. ಜಯಮ್ಮ ಕೇಳಿದ ಮೇಲೆ ಅಮ್ಮನನ್ನೂ ಕಳಿಸುತ್ತಿದ್ದಾನೆ. ವೀಸಾ ಸಿಕ್ಕಿದೆ, ಮುಂದಿನ ವಾರ ಅವರ ಫ್ಲೈಟು. ಆತನಿಗೆ ಸ್ತೋತ್ರ! ಮಂಡ್ಯದಿಂದ ಅಮ್ಮನ ಕೈಗೆ ಆಗಲೇ ಒಂದು ಪೊಟ್ಟಣ ತಲುಪಿದೆಯಂತೆ, ಸಾಂಬ್ರಾಣಿ.